ಪಕ್ಕದ ಸೀಟಿನ ಬ್ರೇಕು

ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಬ್ರೇಕು ಎರಡಿರುತ್ತವೆ. ಒಂದು ಕಲಿಯುವವರ ಕಾಲ ಬಳಿ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂತು ಕಲಿಸುವವರ ಕಾಲ ಬಳಿ. ಆ ಎರಡನೆಯ ಬ್ರೇಕಿನ ಮೇಲೆ ಬಲಗಾಲಿಟ್ಟುಕೊಂಡೇ ಅರ್ಧ ಆಯಸ್ಸು ಕಳೆದವಳನ್ನು ಊರಿನವರು ಬ್ರೇಕ್ ಮೇಡಂ ಎಂದು ಕರೆಯುತ್ತಿದ್ದರು. ಆ ಹೆಸರಿನ ಬಗ್ಗೆ ಅವಳಿಗೆ ಬೇಜಾರೇನೂ ಇರಲಿಲ್ಲ. "ಹಾರ್ನ್ ಮೇಡಂ ಅನ್ನಲಿಲ್ಲವಲ್ಲ, ಅಷ್ಟು ಸಾಕು" ಎನ್ನುತ್ತಿದ್ದಳು. ಅನ್ನಬಹುದಿತ್ತು, ಗಂಟಲು ಹಾಗೇ ಇತ್ತು.

ಕಲಿಸುವುದರಲ್ಲಿ ಅವಳದೇ ಒಂದು ಪದ್ಧತಿ. ಮೊದಮೊದಲು ಕಲಿಯುವವರು ಬ್ರೇಕನ್ನು ತಡವಾಗಿ ಒತ್ತುತ್ತಾರೆ, ಇಲ್ಲವೇ ಒತ್ತುವುದನ್ನೇ ಮರೆತು ಸ್ಟೀರಿಂಗನ್ನು ತಬ್ಬಿಕೊಳ್ಳುತ್ತಾರೆ. ಆಗ ಅವಳು ತನ್ನ ಬ್ರೇಕನ್ನು ಎಷ್ಟು ಮೆತ್ತಗೆ ಒತ್ತುತ್ತಿದ್ದಳೆಂದರೆ, ಪಕ್ಕದಲ್ಲಿದ್ದವರಿಗೆ ಕಾರನ್ನು ತಾವೇ ನಿಲ್ಲಿಸಿದೆವು ಎನ್ನಿಸುತ್ತಿತ್ತು. ಬೇರೆ ಸ್ಕೂಲಿನ ಮೇಷ್ಟ್ರುಗಳು ಧಡ್ ಎಂದು ಒತ್ತಿ, ಮೇಲಿಂದ ಬೈದು, ಕಲಿಯುವವರ ಅರ್ಧ ಜೀವ ತೆಗೆಯುತ್ತಿದ್ದರು. ಇವಳು ಬಾಯಲ್ಲಿ ಬೇಕಾದಷ್ಟು ಬೈಯುತ್ತಿದ್ದಳು, ಕಾಲಲ್ಲಿ ಮಾತ್ರ ಸುಳಿವು ಕೊಡುತ್ತಿರಲಿಲ್ಲ. ಧೈರ್ಯ ಬಂದ ಮೇಲೆ ಒಂದು ದಿನ, ಯಾರಿಗೂ ಹೇಳದೆ, ಕಾಲನ್ನು ಹಿಂದಕ್ಕೆ ಎಳೆದು ಸೀಟಿನ ಕೆಳಗೆ ಮಡಚಿಟ್ಟುಕೊಳ್ಳುತ್ತಿದ್ದಳು. ಪಾಠ ಮುಗಿದು ಕಾರು ನಿಂತ ಮೇಲೆ ಹೇಳುತ್ತಿದ್ದಳು: "ಇವತ್ತು ಪೂರ್ತಿ ನೀವೇ ಓಡಿಸಿದ್ದು." ಆ ಒಂದು ಮಾತಿಗೆ ಎಷ್ಟೋ ಗಟ್ಟಿ ಗಂಡಸರು ಕಣ್ಣೊರೆಸಿಕೊಂಡಿದ್ದನ್ನು ಅವಳು ನೋಡಿದ್ದಳು.

ಊರಿಗೆಲ್ಲ ಡ್ರೈವಿಂಗ್ ಕಲಿಸಿದವಳ ಗಂಡನಿಗೆ ಸೈಕಲ್ಲಿಗಿಂತ ಮುಂದೆ ಏನೂ ಬರುತ್ತಿರಲಿಲ್ಲ. ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸದವನು. ಎಳ್ಳುಕಾಳಿನಷ್ಟು ಸ್ಕ್ರೂವನ್ನು ಉಸಿರು ಬಿಗಿಹಿಡಿದು ತಿರುಗಿಸುವ ಮನುಷ್ಯ, ರಸ್ತೆ ದಾಟುವಾಗಲೂ ಉಸಿರು ಬಿಗಿಹಿಡಿಯುತ್ತಿದ್ದ. ಹೆಂಡತಿ ಕಾರು ಓಡಿಸುವಾಗ ಪಕ್ಕದಲ್ಲಿ ಕೂತರೆ, ಎದುರಿಗೆ ಏನಾದರೂ ಬಂದಾಗಲೆಲ್ಲ ಅವನ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. ಮನೆಯ ಕಾರಿನಲ್ಲಿ ಎರಡನೆಯ ಬ್ರೇಕು ಎಲ್ಲಿಂದ ಬರಬೇಕು? ಬರೀ ರಬ್ಬರ್ ಮ್ಯಾಟು. "ಮೆಲ್ಲಗೆ ಒತ್ರೀ, ನೆಲಕ್ಕೆ ತೂತು ಬಿದ್ರೆ ನಾವೇ ಕಾರನ್ನ ಹೊತ್ಕೊಂಡು ಓಡ್ಬೇಕಾಗುತ್ತೆ" ಎಂದು ಅವಳು ರೇಗಿಸುತ್ತಿದ್ದಳು. ಅವನೂ ನಕ್ಕು ಕಾಲು ತೆಗೆಯುತ್ತಿದ್ದ. ಮುಂದಿನ ತಿರುವಿನಲ್ಲಿ ಕಾಲು ಮತ್ತೆ ಅಲ್ಲೇ ಇರುತ್ತಿತ್ತು.

ಮೊದಲನೆಯ ಸಲ ಕ್ಯಾನ್ಸರ್ ಬಂದಾಗ ಮಗಳು ಇನ್ನೂ ಹಾಲುಹಲ್ಲಿನವಳು. ಎಡಗಡೆಯ ಎದೆಯಲ್ಲಿ ಗಂಟು. ಎದೆ ತೆಗೆದರು, ಕೂದಲು ಉದುರಿಸುವ ಔಷಧಿ ಕೊಟ್ಟರು, ಆಮೇಲೆ ರೇಡಿಯೇಷನ್. ಆ ಕೊನೆಯದಕ್ಕೆ ದಿನಾ ಆಸ್ಪತ್ರೆಗೆ ಹೋಗಬೇಕಿತ್ತು, ಹೋಗುವಾಗ ಬರುವಾಗ ಕಾರು ಓಡಿಸಿದವಳು ಅವಳೇ. ಗಂಡ ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ಕೂತಿರುತ್ತಿದ್ದ. ವಾಂತಿ ಬಂದರೆ ಅವಳೇ ಕಾರನ್ನು ಪಕ್ಕಕ್ಕೆ ಹಾಕಿ, ಬಾಗಿಲು ತೆಗೆದು, ಮುಗಿಸಿ, ಬಾಯಿ ತೊಳೆದುಕೊಂಡು, ಮತ್ತೆ ಗೇರು ಹಾಕುತ್ತಿದ್ದಳು. ಆಮೇಲೆ ಐದು ವರ್ಷ ಮಾತ್ರೆ. ಅದೂ ಮುಗಿದ ದಿನ ಡಾಕ್ಟ್ರಮ್ಮ ಬೆನ್ನು ತಟ್ಟಿ, ಇನ್ನು ವರ್ಷಕ್ಕೊಂದು ಸಲ ಬಂದರೆ ಸಾಕು ಎಂದರು. ಅವಳು ಅದನ್ನು ಒಂದು ಹಳೆಯ ಆಕ್ಸಿಡೆಂಟಿನ ಹಾಗೆ ಮನಸ್ಸಿನ ಮೂಲೆಗೆ ತಳ್ಳಿ ಮರೆತಳು. ಮರೆಯುವುದು ತಪ್ಪೇನಲ್ಲ, ಬದುಕಬೇಕಲ್ಲ.

ಎಷ್ಟೋ ವರ್ಷ ಕಳೆದ ಮೇಲೆ ಬೆನ್ನು ನೋಯತೊಡಗಿತು. ದಿನವಿಡೀ ಕಾರಿನಲ್ಲಿ ಕೂತವರಿಗೆ ಬೆನ್ನು ನೋಯದೆ ಇನ್ನೇನು ನೋಯುತ್ತದೆ? ಸೀಟಿಗೆ ಹೊಸ ದಿಂಬು ಕಟ್ಟಿಸಿದಳು. ಆಮೇಲೆ ಸೀಟನ್ನೇ ಬದಲಾಯಿಸಿದಳು. ಸೀಟಿನವನಿಗೆ ಬೈದದ್ದಾಯಿತು, ಹೊಂಡ ಮುಚ್ಚದ ರಸ್ತೆಯವರಿಗೆ ಬೈದದ್ದಾಯಿತು, ಮುಲಾಮು ಹಚ್ಚಿದ್ದಾಯಿತು. ಕೊನೆಗೆ ಕೆಮ್ಮಿದರೂ ಪ್ರಾಣ ಹೋಗುವಂತಾದಾಗ ಸ್ಕ್ಯಾನ್ ಮಾಡಿಸಿದರು. ಬೆನ್ನುಮೂಳೆಯಲ್ಲಿತ್ತು, ಸೊಂಟದ ಮೂಳೆಯಲ್ಲಿತ್ತು, ಪಿತ್ತಕೋಶದ ಪಕ್ಕ ಲಿವರಿನಲ್ಲೂ ಚುಕ್ಕೆಗಳಿದ್ದವು. ಹಳೆಯದೇ. ಎಲ್ಲಿ ಕೂತಿತ್ತೋ, ಏನು ಉಂಡು ಬದುಕಿತ್ತೋ, ಅವಳು ಮರೆತಿದ್ದಳೇ ಹೊರತು ಅದು ಅವಳನ್ನು ಮರೆತಿರಲಿಲ್ಲ.

"ಹೋಗ್ಸೋಕೆ ಆಗಲ್ಲಮ್ಮ," ಎಂದರು ಡಾಕ್ಟ್ರಮ್ಮ. ಮೇಜಿನ ಮೇಲಿನ ಪೆನ್ನನ್ನು ಆ ಕಡೆಯಿಂದ ಈ ಕಡೆಗೆ ಇಟ್ಟರು. "ಹಿಡಿದಿಟ್ಕೋಬಹುದು. ಎಷ್ಟು ದಿನ ಆಗುತ್ತೋ ಅಷ್ಟು ದಿನ."

"ಅಂದ್ರೆ ಬ್ರೇಕ್ ಇದೆ, ಹ್ಯಾಂಡ್‌ಬ್ರೇಕ್ ಇಲ್ಲ ಅಂತೀರಾ," ಎಂದಳು ಇವಳು. ಡಾಕ್ಟ್ರಮ್ಮನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಗಂಡ ಮಾತ್ರ ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡುತ್ತಿದ್ದ, ಅದರಲ್ಲಿ ಇನ್ನೂ ಹಿಂದಿನ ತಿಂಗಳಿತ್ತು. ಅವತ್ತೂ ಮನೆಗೆ ಕಾರು ಓಡಿಸಿಕೊಂಡು ಬಂದವಳು ಅವಳೇ.

ಅಲ್ಲಿಂದ ಶುರುವಾದದ್ದನ್ನು ಬದುಕು ಎನ್ನುವುದಾದರೆ ಬದುಕು. ಬೆಳಿಗ್ಗೆ ಮಾತ್ರೆ, ತಿಂಗಳಿಗೊಮ್ಮೆ ಮೂಳೆಗೆ ಸೂಜಿ, ಮೂರು ತಿಂಗಳಿಗೊಮ್ಮೆ ಸ್ಕ್ಯಾನು. ಸ್ಕ್ಯಾನು ಚೆನ್ನಾಗಿ ಬಂದರೆ ಒಂದು ವಾರ ಮನೆಯಲ್ಲಿ ಎಲ್ಲರ ಧ್ವನಿ ಏರುತ್ತಿತ್ತು, ಮಗಳು ಜಗಳಕ್ಕೆ ಬರುವಷ್ಟು ಗೆಲುವಾಗುತ್ತಿದ್ದಳು. ಆಮೇಲೆ ಮುಂದಿನ ಸ್ಕ್ಯಾನಿನ ಭಯ ಮೆಲ್ಲನೆ ಒಳಗೆ ಬಂದು ಕೂರುತ್ತಿತ್ತು. ನೋಡಲು ಬರುವವರ ಕಾಟ ಬೇರೆ. "ಎಷ್ಟು ಚೆನ್ನಾಗಿ ಕಾಣ್ತಿದೀರ, ಕಾಯಿಲೆಯವರು ಅನ್ನಿಸೋದೇ ಇಲ್ಲ" ಎನ್ನುವವರು ಕೆಲವರು. ಹಾಗಾದರೆ ಇನ್ನು ಹೇಗೆ ಕಾಣಬೇಕಿತ್ತು, ಅವರಿಗೆ ಒಪ್ಪಿಗೆಯಾಗಲು? "ಹೋದ ಸಲ ಗೆದ್ದಿರಲ್ಲ, ಈ ಸಲಾನೂ ಗೆಲ್ತೀರ" ಎನ್ನುವವರು ಇನ್ನು ಕೆಲವರು. ಗೆದ್ದದ್ದೇ ಹೌದಾದರೆ ಅದು ಯಾಕೆ ತಿರುಗಿ ಬಂತು ಎಂದು ಕೇಳಿದರೆ ಅವರು ಎದ್ದು ಚಪ್ಪಲಿ ಹುಡುಕುತ್ತಿದ್ದರು. ಅಕ್ಕಪಕ್ಕದವರಲ್ಲಿ ಇಬ್ಬರು ಮೂವರು ಬರುವುದನ್ನೇ ಬಿಟ್ಟರು. ಮೊದಲನೆಯ ಸಲ ಅಡಿಗೆ ಮಾಡಿ ಹೊತ್ತು ತಂದವರೇ ಅವರು. ಒಂದು ಸಲದ ಕಷ್ಟಕ್ಕೆ ಜನ ಇರುತ್ತಾರೆ, ಮುಗಿಯದ ಕಷ್ಟಕ್ಕೆ ಯಾರಿಗೂ ಪುರುಸೊತ್ತಿರುವುದಿಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ, ಆದರೂ ಅವಳು ಬೈಯುತ್ತಿದ್ದಳು.

ಮೊದಲ ಮಾತ್ರೆ ಒಂದಷ್ಟು ಕಾಲ ನಡೆಯಿತು, ಕೈಕೊಟ್ಟಿತು. ಎರಡನೆಯದು ಅಂಗೈ ಅಂಗಾಲು ಸುಲಿಯುವಂತೆ ಮಾಡಿ, ಅದೂ ಕೈಕೊಟ್ಟಿತು. ಮೂರನೆಯದನ್ನು ಕೊಡುವಾಗ ಡಾಕ್ಟ್ರಮ್ಮ ಒಂದು ಮಾತು ಹೇಳಿದರು. ಗಂಡನೂ ಪಕ್ಕದಲ್ಲೇ ಇದ್ದ. "ಬೆನ್ನುಮೂಳೇಲಿ ಇರೋದ್ರಿಂದ ಹೇಳ್ತಿದೀನಿ. ಕಾಲು ಸೋತ್ರೆ, ಮರಗಟ್ಟಿದ್ರೆ, ಮೂತ್ರ ಹೋಗಿದ್ದು ಗೊತ್ತಾಗ್ದೇ ಇದ್ರೆ, ಅವತ್ತೇ ಬರ್ಬೇಕು. ನಾಳೆ ನೋಡೋಣ ಅಂತ ಕೂತ್ಕೋಬೇಡಿ. ನರ ಒಂದ್ಸಲ ಸತ್ರೆ ವಾಪಸ್ ಬರಲ್ಲ."

ಅವತ್ತು ಆಸ್ಪತ್ರೆಯಿಂದ ಬರುವಾಗ ಗಂಡ ಪಕ್ಕದ ಸೀಟಿನಲ್ಲಿ ಕೂತು ನೆಲ ಒತ್ತುತ್ತಿದ್ದುದನ್ನು ಅವಳು ನೋಡಿದಳು. ತನಗೆ ಕೈಲಾಗದ ದಿನ ಇವನು ಏನು ಮಾಡುತ್ತಾನೆ? ತಾನು ಹೋದ ಮೇಲೆ, ಮಗಳಿಗೆ ಜ್ವರ ಬಂದರೆ, ಇವನಿಗೇ ಏನಾದರೂ ಆದರೆ? ಬಸ್ ಸ್ಟಾಪಿನಲ್ಲಿ ಟಿಫಿನ್ ಡಬ್ಬಿ ಹಿಡಿದು ನಿಂತ ಅವನ ಆಕಾರ ಕಣ್ಣಿಗೆ ಕಟ್ಟಿತು. ಮನೆ ಮುಂದೆ ಕಾರು ನಿಲ್ಲಿಸಿ ಕೀಲಿಯನ್ನು ಅವನ ಮಡಿಲಿಗೆ ಹಾಕಿದಳು.

"ನಾಳೆಯಿಂದ ನೀವು ಕಲೀರಿ."

"ನಾನಾ?"

"ಇಲ್ಲ, ಪಕ್ಕದ ಮನೆಯವ್ರು."

"ನೀನು ಇದೀಯಲ್ಲ" ಎಂದ ಅವನು, ಎಂದಿನಂತೆ. ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವನಿಗೇ ಹೊಳೆಯಿತು. ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕಾರಿನಿಂದ ಇಳಿದ.

ಹೊಸಬರನ್ನು ತೆಗೆದುಕೊಳ್ಳುವುದನ್ನು ಅವಳು ಅದಾಗಲೇ ನಿಲ್ಲಿಸಿದ್ದಳು. ಕಲಿಸುವ ಕಾರನ್ನು ಮಾತ್ರ ಮಾರಿರಲಿಲ್ಲ. ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು, ಮಾರ್ಕೆಟ್ಟಿನ ಹಿಂದಿನ ಖಾಲಿ ಜಾಗದಲ್ಲಿ ಪಾಠ ಶುರುವಾಯಿತು. ಮಗಳು ಹಿಂದಿನ ಸೀಟಿನಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದಳು, ಓದುತ್ತಿರಲಿಲ್ಲ.

"ಕ್ಲಚ್ ಬಿಡ್ರೀ, ಮೆಲ್ಲಗೆ. ಮೆಲ್ಲಗೆ ಅಂದ್ರೆ ನಿಲ್ಲಿಸೋದಲ್ಲ."

"ಬಿಡ್ತಿದೀನಿ ಕಣೆ."

"ನಾಳೆ ಬಿಟ್ಟು ಮುಗಿಯುತ್ತಾ?"

ಕಾರು ಕೆಮ್ಮಿ ಆಫ್ ಆಗುತ್ತಿತ್ತು. ಮಗಳು ಹಿಂದಿನಿಂದ ಕಿಸಕ್ಕೆನ್ನುತ್ತಿದ್ದಳು. ಇವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಇನ್ನೊಮ್ಮೆ ಕೀಲಿ ತಿರುಗಿಸುತ್ತಿದ್ದ. ಅವನು ದಡ್ಡನಲ್ಲ, ಹೆದರುಪುಕ್ಕಲ ಅಷ್ಟೆ. ಗೇರು ಬಂತು, ತಿರುವು ಬಂತು, ಹಿಮ್ಮುಖ ಓಡಿಸುವುದಂತೂ ಅವಳಿಗಿಂತ ನೀಟಾಗಿ ಬಂತು. ಬ್ರೇಕು ಮಾತ್ರ ಬರಲಿಲ್ಲ. ಎದುರಿಗೆ ಏನಾದರೂ ಬಂದರೆ ಅವನ ಕಾಲು ಪೆಡಲಿನ ಮೇಲೆ ಹೋಗಿ ಕೂರುತ್ತಿತ್ತು, ಒತ್ತುವ ಹೊತ್ತಿಗೆ ಕಾರು ಆಗಲೇ ನಿಂತಿರುತ್ತಿತ್ತು. ಯಾಕೆಂದರೆ ಅವಳು ಒತ್ತಿರುತ್ತಿದ್ದಳು. ಅವನು ತಿರುಗಿ ಅವಳ ಮುಖ ನೋಡುತ್ತಿದ್ದ, ಮಗು ಮೊದಲ ಹೆಜ್ಜೆ ಇಟ್ಟು ತಾಯಿಯನ್ನು ನೋಡುವ ಹಾಗೆ. "ಪರವಾಗಿಲ್ಲ" ಎನ್ನುತ್ತಿದ್ದಳು ಅವಳು.

ಒಂದು ದಿನ ಅವನು ಅಂಗಡಿಗೆ ಹೋದ ಮೇಲೆ ಮಗಳು ಕೇಳಿದಳು. "ಅಮ್ಮ, ನಿನ್ನ ಕಾಲು ಯಾವಾಗ ತೆಗೀತೀಯ? ಬೇರೆಯವ್ರಿಗೆಲ್ಲ ಇಷ್ಟೊತ್ತಿಗೆ ತೆಗೆದಿರ್ತಿದ್ದೆ."

"ತೆಗೀತೀನಿ. ನಿಮ್ಮಪ್ಪ ಇನ್ನೂ ರೆಡಿಯಾಗಿಲ್ಲ."

"ಅಪ್ಪ ರೆಡಿಯಾಗಿಲ್ವಾ, ನೀನಾ?"

ಹದಿನಾರರ ಹುಡುಗಿಗೆ ಇಷ್ಟು ಚೂಪು ನಾಲಗೆ ಯಾರಿಂದ ಬಂತು ಎಂದು ಅವಳು ಯೋಚಿಸಬೇಕಾಗಿರಲಿಲ್ಲ. ಮಗಳ ಮಾತು ಸರಿಯಾಗಿಯೇ ತಾಗಿತ್ತು. ದಿನಾ ಬೆಳಿಗ್ಗೆ ಇವತ್ತು ಕಾಲನ್ನು ಹಿಂದಕ್ಕೆ ತೆಗೆದುಕೊಂಡುಬಿಡುತ್ತೇನೆ ಎಂದುಕೊಂಡೇ ಕಾರು ಹತ್ತುತ್ತಿದ್ದಳು, ಎದುರಿಗೆ ಒಂದು ನಾಯಿ ಬಂದರೂ ಕಾಲು ಹೋಗಿ ಒತ್ತಿರುತ್ತಿತ್ತು. ನಾಯಿಯ ಮೇಲಿನ ಕರುಣೆಯಲ್ಲ ಅದು. ತನ್ನ ಕಾಲಿನ ನೆರವಿಲ್ಲದೆ ಇವನು ಕಾರು ನಿಲ್ಲಿಸಿದ ದಿನ ತನ್ನ ಕೆಲಸ ಮುಗಿಯಿತು ಎಂದಾಗುತ್ತದೆ, ಮುಗಿದರೆ ಹೋಗಬಹುದು ಎಂದಾಗುತ್ತದೆ. ಹುಚ್ಚು ಯೋಚನೆ ಎಂದು ಅವಳಿಗೂ ಗೊತ್ತಿತ್ತು. ಅವಳಿಗೆ ಹೋಗಲು ಇಷ್ಟವಿರಲಿಲ್ಲ, ಒಂದಿಷ್ಟೂ ಇಷ್ಟವಿರಲಿಲ್ಲ. ಸ್ನಾನದ ಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು, ಬೇಡ, ಬೇಡ, ಬೇಡ ಎಂದು ಬಕೆಟ್ಟಿಗೆ ಹೇಳುತ್ತಿದ್ದಳು. ಹೇಳಿ ಮುಗಿಸಿ, ಮುಖ ತೊಳೆದು ಹೊರಗೆ ಬಂದು, ಟವೆಲ್ ಒಣಗಿಹಾಕಿದ್ದು ಸರಿಯಿಲ್ಲ ಎಂದು ಮಗಳಿಗೆ ಬೈಯುತ್ತಿದ್ದಳು.

ಲೈಸೆನ್ಸಿನ ಟೆಸ್ಟಿಗೆ ದಿನ ಗೊತ್ತಾಯಿತು. ಅದೇ ವಾರ ಬ್ರೇಕು ಭಾರವಾಯಿತು.

ಅವಳಿಗೆ ಅನ್ನಿಸಿದ್ದು ಹಾಗೆ. ಪಕ್ಕದ ಸೀಟಿನ ಪೆಡಲು ಎಂದಿನಂತೆ ಇಳಿಯುತ್ತಿರಲಿಲ್ಲ, ಒತ್ತಿ ಹಿಡಿದರೆ ತೊಡೆ ನಡುಗುತ್ತಿತ್ತು. ಇಷ್ಟು ವರ್ಷ ಕಾಲಲ್ಲೇ ಕಾರಿನ ಕಾಯಿಲೆ ಗುರುತಿಸಿದವಳು. ಬ್ರೇಕಿನ ಎಣ್ಣೆ ಇಳಿದಿದ್ದರೆ ಗೊತ್ತಾಗುತ್ತಿತ್ತು, ಪ್ಯಾಡು ಸವೆದಿದ್ದರೆ ಗೊತ್ತಾಗುತ್ತಿತ್ತು. ಕಾಲಿಗೆ ಏನಾದರೂ ಬೇರೆ ಥರ ಅನ್ನಿಸಿದರೆ ತಪ್ಪು ಕಾರಿನದೇ, ಕಾಲಿನದಲ್ಲ. ಇದು ಅವಳ ಇಡೀ ಕಸುಬಿನ ನಂಬಿಕೆ. ಆ ನಂಬಿಕೆ ಅವಳಿಗೆ ಯಾವತ್ತೂ ಮೋಸ ಮಾಡಿರಲಿಲ್ಲ. ಕಾರನ್ನು ಗ್ಯಾರೇಜಿಗೆ ಕಳಿಸಿದಳು.

ಗ್ಯಾರೇಜಿನವನು ಹಳಬ, ಅವಳ ಬಾಯಿಗೆ ಪಳಗಿದವನು. ಸಂಜೆ ಫೋನ್ ಮಾಡಿದ. "ಮೇಡಂ, ಪೆಡಲ್ಲು ಸರಿ ಇದೆ. ಬೆಣ್ಣೆ ಥರ ಇಳೀತಿದೆ."

"ನಿನ್ನ ತಲೆ. ಕಲ್ಲಾಗಿದೆ ಅದು. ಕೇಬಲ್ ಬಿಚ್ಚಿ ನೋಡು."

ಅವನು ಬಿಚ್ಚಿ ನೋಡಿದ. ಗ್ರೀಸು ಹಚ್ಚಿದ. ಕೇಬಲ್ಲನ್ನೇ ಬದಲಾಯಿಸಿದ. ಕಾರು ವಾಪಸ್ ಬರುವ ಹೊತ್ತಿಗೆ ವಾರ ಅರ್ಧ ಕಳೆದಿತ್ತು. ಅವಳು ಕೂತು ಒತ್ತಿ ನೋಡಿದಳು. ಮೊದಲಿಗಿಂತ ಭಾರ. ಗ್ಯಾರೇಜಿನವನಿಗೆ ಫೋನಿನಲ್ಲಿ ನೀರಿಳಿಸಿದಳು. ಅವನು ಎಲ್ಲ ಕೇಳಿಸಿಕೊಂಡು, "ನಾನೇ ಬಂದು ಕಾಲಿಟ್ಟು ತೋರಿಸ್ತೀನಿ ಮೇಡಂ" ಎಂದ, ಬೇಸರವಿಲ್ಲದೆ. ಬಂದು ತೋರಿಸಿದ. ಅವನ ಹವಾಯಿ ಚಪ್ಪಲಿಯ ಕೆಳಗೆ ಪೆಡಲು ಸದ್ದಿಲ್ಲದೆ ಇಳಿಯಿತು, ಏರಿತು, ಇಳಿಯಿತು. ಅವಳು ಅದನ್ನು ನೋಡುತ್ತ ನಿಂತಿದ್ದಳು. ಬೈಯಲಿಲ್ಲ. ಅವನಿಗೆ ಅದೇ ವಿಚಿತ್ರವೆನಿಸಿರಬೇಕು, ಹೋಗುವಾಗ ಎರಡು ಸಲ ತಿರುಗಿ ನೋಡಿದ.

ಮನೆಯೊಳಗೆ ನಡೆದು ಬಂದಳು. ಅಡಿಗೆಮನೆಯ ಬಾಗಿಲಲ್ಲಿ ಮಗಳು, "ಅಮ್ಮ, ಒಂದು ಚಪ್ಪಲಿ ಎಲ್ಲಿ?" ಎಂದಳು. ನೋಡಿದರೆ ಬಲಗಾಲು ಬರಿಗಾಲು. ಚಪ್ಪಲಿ ಅಂಗಳದಲ್ಲೇ ಕಳಚಿ ಬಿದ್ದಿತ್ತು. ಅಲ್ಲಿಂದ ಇಲ್ಲಿಯವರೆಗೆ ಜಲ್ಲಿಕಲ್ಲಿನ ಮೇಲೆ ನಡೆದು ಬಂದಿದ್ದಳು, ಗೊತ್ತಾಗಿರಲಿಲ್ಲ.

ಆಗ ಗೊತ್ತಾಯಿತು. ಡಾಕ್ಟ್ರಮ್ಮ ಹೇಳಿದ್ದು ಒಂದಕ್ಷರ ಬಿಡದೆ ನೆನಪಾಯಿತು. ಗ್ಯಾರೇಜಿಗೆ ಹೋಗಬೇಕಾದದ್ದು ಕಾರಲ್ಲ ಎಂದು ಅರ್ಥವಾಯಿತು. ಅವಳು ಆ ಕ್ಷಣದಲ್ಲೇ ಗಂಡನಿಗೆ ಫೋನ್ ಮಾಡಬೇಕಿತ್ತು. ಯಾರಾದರೂ ಮಾಡುತ್ತಿದ್ದರು. ಅವಳು ಚಪ್ಪಲಿ ತರಿಸಿಕೊಂಡು ಹಾಕಿಕೊಂಡಳು, "ಬಾರು ಸಡಿಲ ಆಗಿದೆ" ಎಂದಳು. ಯಾಕೆಂದರೆ ಮರುದಿನ ಟೆಸ್ಟು. ಇವತ್ತು ಹೇಳಿದರೆ ಮಂಚಕ್ಕೆ ಹಾಕುತ್ತಾರೆ, ಮಂಚಕ್ಕೆ ಹಾಕಿದ ಮೇಲೆ ಆ ಸೀಟಿಗೆ ತಾನು ಮತ್ತೆ ಬರುವುದಿಲ್ಲ. ಇವನು ಇನ್ನು ಜನ್ಮದಲ್ಲಿ ಸ್ಟೀರಿಂಗ್ ಮುಟ್ಟುವುದಿಲ್ಲ. ಒಂದು ದಿನ ತಾನೆ. ಒಂದೇ ಒಂದು ದಿನ. ಹಾಗೆಂದು ಅವಳು ಯಾರನ್ನು ಬೇಡಿಕೊಂಡಳೋ, ಕಾಲನ್ನೋ, ಮೂಳೆಯನ್ನೋ. ಬೇಡಿಕೊಂಡದ್ದು ಮಾತ್ರ ನಿಜ. ತಪ್ಪೆಂದು ಗೊತ್ತಿದ್ದೂ ಮಾಡಿದಳು, ಅದಕ್ಕೆ ಬೇರೆ ಹೆಸರು ಕೊಡುವುದು ಬೇಡ.

ಬೆಳಿಗ್ಗೆ ಟೆಸ್ಟಿಗೆ ಮುಂಚೆ ಕೊನೆಯ ಪಾಠ. ಮಗಳಿಗೆ ಪರೀಕ್ಷೆಯಿತ್ತು, ಆಗಲೇ ಶಾಲೆಗೆ ಹೋಗಿದ್ದಳು. ಕಾರು ಹತ್ತುವಾಗ ಅವಳು ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟುಕೊಂಡಳು. ಗಂಡ ಕನ್ನಡಿ ಸರಿಮಾಡಿಕೊಳ್ಳುತ್ತಿದ್ದ, ನೋಡಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಹೆಣ್ಣು ನೋಡಲು ಬಂದ ದಿನದ ಹಾಗೆ ಕೂದಲು ಬಾಚಿದ್ದ.

"ಇವತ್ತು ನಾನು ಮಾತೇ ಆಡಲ್ಲ," ಎಂದಳು. "ನಿಮ್ಮ ಪಾಡಿಗೆ ಓಡಿಸಿ."

"ಬೈದ್ರೇನೇ ನಂಗೆ ಧೈರ್ಯ" ಎಂದ.

ಖಾಲಿ ಜಾಗ ಬಿಟ್ಟು ರಸ್ತೆಗಿಳಿದರು. ನಿಜವಾಗಿಯೂ ಚೆನ್ನಾಗಿ ಓಡಿಸುತ್ತಿದ್ದ. ಬ್ಯಾಂಕಿನ ತಿರುವು ದಾಟಿ, ಮಾರ್ಕೆಟ್ಟಿನ ಕಡೆಗೆ ಇಳಿಜಾರು. ಕೆಳಗೆ, ರಸ್ತೆಯ ನಡುವೆ, ಹಣ್ಣಿನ ಗಾಡಿಯವನೊಬ್ಬ ಗಾಡಿ ತಿರುಗಿಸುತ್ತಿದ್ದ. ಬೇಕಾದಷ್ಟು ದೂರವಿತ್ತು. ಗಂಡನ ಕಾಲು ಬ್ರೇಕಿನ ಮೇಲೆ ಹೋಗಿ ಕೂತಿತು. ಅವಳು ಒತ್ತಿದಳು. ಕಾರು ಓಡುತ್ತಲೇ ಇತ್ತು. ಮತ್ತೆ ಒತ್ತಿದಳು, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಸೊಂಟದಿಂದ ಕೆಳಗೆ ತಳ್ಳಿದಳು. ಆ ಶಕ್ತಿ ಎಲ್ಲಿ ಹೋಯಿತೋ, ಕಾಲನ್ನು ತಲುಪಲಿಲ್ಲ. ಕೆಳಗೆ ನೋಡಿದಳು. ಪಾದ ಪೆಡಲಿನ ಪಕ್ಕದಲ್ಲಿ ಯಾರೋ ಬಿಟ್ಟುಹೋದ ಸಾಮಾನಿನಂತೆ ಅಡ್ಡ ಬಿದ್ದಿತ್ತು.

"ಒತ್ರೀ."

"ಒತ್ತಿದೀನಿ."

"ಪೂರ್ತಿ ಒತ್ರೀ, ರೀ."

ಅವನು ಒತ್ತಲಿಲ್ಲ, ಸ್ಟೀರಿಂಗ್ ತಿರುಗಿಸಿದ. ಹಣ್ಣಿನವನು ಪಕ್ಕಕ್ಕೆ ಹಾರಿದ. ಕಾರು ಗಾಡಿಯ ಮೂಲೆಗೆ ತಾಗಿ, ಮುಂದೆ ಹೋಗಿ, ಕಸದ ದೊಡ್ಡ ತೊಟ್ಟಿಗೆ ಗುದ್ದಿ ನಿಂತಿತು. ಕಿತ್ತಳೆಗಳು ಇಳಿಜಾರಿನಲ್ಲಿ ಉರುಳುತ್ತಿದ್ದವು. ಯಾರಿಗೂ ಏನೂ ಆಗಿರಲಿಲ್ಲ. ಹಣ್ಣಿನವನು ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತ ಕಿಟಕಿಯ ಬಳಿ ಬಂದ. ಒಳಗೆ ಅವಳ ಮುಖ ನೋಡಿ, ಬೈಗುಳವನ್ನು ಅರ್ಧಕ್ಕೇ ನುಂಗಿ, "ನೀರು ಬೇಕಾ ಅಮ್ಮ?" ಎಂದ. ಅವಳ ಬೆನ್ನಿನಲ್ಲಿ ಬೆಂಕಿ ಬಿದ್ದಿತ್ತು, ಪಕ್ಕೆಯ ಸುತ್ತ ಪಟ್ಟಿ ಬಿಗಿದಂತೆ. ಸೊಂಟದ ಕೆಳಗೆ ಮಾತ್ರ ಏನೂ ಇರಲಿಲ್ಲ. ಸೀಟು ಒದ್ದೆಯಾಗಿತ್ತು. ಅದು ಅವಳಿಗೆ ಕಣ್ಣಿನಿಂದ ಗೊತ್ತಾಯಿತು.

"ಬ್ರೇಕ್ ಹಿಡೀಲಿಲ್ಲ ಕಣೆ," ಎನ್ನುತ್ತಿದ್ದ ಗಂಡ. "ದಿನಾ ಹಿಡಿಯೋದು. ಅಷ್ಟೇ ಒತ್ತಿದ್ದು ನಾನು, ದಿನಾ ಒತ್ತಿದಷ್ಟೇ. ಆ ಗ್ಯಾರೇಜಿನವನು ಏನೋ ಮಾಡಿಟ್ಟಿದಾನೆ."

"ಅವನೇನೂ ಮಾಡಿಲ್ಲ." ಅವಳಿಗೆ ಉಸಿರು ತುಂಡುತುಂಡಾಗಿ ಬರುತ್ತಿತ್ತು. "ದಿನಾ ಒತ್ತಿದ್ದು ನಾನು. ನೀವು ಕಾಲಿಡ್ತಿದ್ರಿ ಅಷ್ಟೆ. ಇವತ್ತು ನನ್ನ ಕಾಲು ಇಲ್ಲ. ನಿನ್ನೆಯಿಂದ್ಲೇ ಇರ್ಲಿಲ್ಲ. ನಂಗೆ ಗೊತ್ತಿತ್ತು."

ಅವನು ಅವಳ ಮುಖ ನೋಡಿದ, ಕಾಲು ನೋಡಿದ, ಸೀಟು ನೋಡಿದ. ಅವನಿಗೆ ಒಂದರ ಮೇಲೊಂದು ಅರ್ಥವಾಗುತ್ತಿದ್ದುದು ಕಾಣುತ್ತಿತ್ತು. ಬೈಯುತ್ತಾನೆ ಎಂದುಕೊಂಡಳು, ಬೈದರೆ ಚೆನ್ನಾಗಿತ್ತು. "ನಿನ್ನೆಯಿಂದ" ಎಂದ ಅಷ್ಟೆ. ಆ ಒಂದು ಮಾತನ್ನು ಅವಳು ಆಮೇಲೆ ಎಷ್ಟು ಸಲ ಕೇಳಿಸಿಕೊಂಡಳೋ.

ಆಂಬುಲೆನ್ಸಿಗೆ ಫೋನ್ ಮಾಡಿದ. ಗಾಡಿಗಳೆಲ್ಲ ಹೊರಗಿವೆ, ಕಾಯಬೇಕು, ಎಷ್ಟು ಹೊತ್ತು ಎಂದು ಹೇಳಲಾಗದು ಎಂದರು. ಅವನು ಫೋನನ್ನು ಜೇಬಿಗೆ ಹಾಕಿ, ಕನ್ನಡಕವನ್ನು ಅಂಗಿಯ ತುದಿಯಲ್ಲಿ ಒರೆಸಿ ಹಾಕಿಕೊಂಡ. ಅವಳ ಸೀಟನ್ನು ಹಿಂದಕ್ಕೆ ಒರಗಿಸಿದ. ತನ್ನ ಇಸ್ತ್ರಿಯ ಅಂಗಿಯನ್ನು ಬಿಚ್ಚಿ ಅವಳ ಮಡಿಲಿಗೆ ಹೊದಿಸಿದ, ಬನಿಯನ್ನಿನಲ್ಲೇ ಸ್ಟೀರಿಂಗ್ ಹಿಡಿದು ಕೂತ. ಹಣ್ಣಿನವನು ಮುರಿದ ಬಂಪರನ್ನು ಎಳೆದು ಪಕ್ಕಕ್ಕೆ ಹಾಕಿ ದಾರಿ ಮಾಡಿಕೊಟ್ಟ.

"ಬೇಡ ರೀ," ಎಂದಳು. "ನಿಮಗೆ ಬ್ರೇಕ್ ಬರಲ್ಲ."

ಅವನು ಹಿಮ್ಮುಖ ಗೇರು ಹಾಕಿ ನೀಟಾಗಿ ಕಾರನ್ನು ರಸ್ತೆಗೆ ತಂದ.

ದೊಡ್ಡ ರಸ್ತೆಯ ಮೊದಲ ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ಮುಂದೆ ಲಾರಿ. ಮಲಗಿದಲ್ಲಿಂದ ಅವಳಿಗೆ ಲಾರಿಯ ಮೇಲುಭಾಗ ಮಾತ್ರ ಕಾಣುತ್ತಿತ್ತು, ಅದು ದೊಡ್ಡದಾಗುತ್ತಲೇ ಇತ್ತು. ಅವಳು ಒತ್ತಿದಳು. ಒತ್ತಲಾರೆನೆಂದು ಗೊತ್ತಿದ್ದೂ ಒತ್ತಿದಳು. ಕಾರು ಒಮ್ಮೆಲೇ ಮುಗ್ಗರಿಸಿ ನಿಂತಿತು. ಬೆನ್ನಿನ ನೋವು ಕಣ್ಣಿನವರೆಗೆ ಬಂತು, ಕೂಗಿಬಿಟ್ಟಳು. ಅವನು ಒತ್ತಿದ್ದ. ತಡವಾಗಿ, ಒರಟಾಗಿ, ಆದರೆ ಅವನೇ.

"ನೋವಾಯ್ತಾ?"

"ಇನ್ನೂ ಸ್ವಲ್ಪ ಮೊದ್ಲೇ ಶುರು ಮಾಡಿ. ಮೆಲ್ಲಗೆ."

ಮುಂದಿನದನ್ನು ಸ್ವಲ್ಪ ಮೊದಲೇ ಒತ್ತಿದ. ಅದರ ಮುಂದಿನದನ್ನು ಇನ್ನೂ ಮೆಲ್ಲಗೆ. ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಿದ್ದರು, ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವನ ಕತ್ತಿನಿಂದ ಬೆವರು ಇಳಿಯುತ್ತಿತ್ತು. ಆಸ್ಪತ್ರೆಯ ಗೇಟಿನ ಉಬ್ಬನ್ನು ದಾಟಿಸುವಾಗ ಕಾರು ಅಲುಗಿದ್ದೇ ಗೊತ್ತಾಗಲಿಲ್ಲ. ಅಷ್ಟು ಚೆನ್ನಾಗಿ ನಿಲ್ಲಿಸಿದ. ಕಲಿತವರಿಗೆಲ್ಲ ಅವಳು ಹೇಳುತ್ತಿದ್ದ "ನೀವೇ ಓಡಿಸಿದ್ದು" ಎಂಬ ಆ ಮಾತನ್ನು ಹೇಳುವ ಹೊತ್ತು ಅದು. ಹೇಳಲು ಬಾಯಿ ತೆರೆದಳು. ಹೇಳಿದರೆ ಮುಗಿಯುತ್ತದೆ ಎಂದು ಹೆದರಿ, ಬಾಯಿ ಮುಚ್ಚಿಕೊಂಡಳು. ಅಷ್ಟರಲ್ಲಿ ಸ್ಟ್ರೆಚರಿನವರು ಬಾಗಿಲು ತೆಗೆದರು.

ಒಳಗೆ ಪರದೆ ಎಳೆದ ಒಂದು ಮೂಲೆ. ಡಾಕ್ಟ್ರಮ್ಮನಿಗೆ ಹೇಳಿ ಕಳಿಸಿದ್ದರು, ಅವರು ಬರುವವರೆಗೆ ಒಬ್ಬ ಎಳೆಯ ಡಾಕ್ಟರು. ಸೂಜಿ ಚುಚ್ಚಿದ, ಔಷಧಿ ಬಿಟ್ಟ, ಸ್ಕ್ಯಾನಿಗೆ ಹೇಳಿದ. ಕಾಲು ಯಾವಾಗಿನಿಂದ ಹೀಗೆ ಎಂದು ಕೇಳಿದ. ಅವಳು ಹೇಳಿದಳು. ಭಾರವಾದದ್ದು ಪೆಡಲು ಎಂದುಕೊಂಡದ್ದನ್ನು, ಗ್ಯಾರೇಜನ್ನು, ಚಪ್ಪಲಿಯನ್ನು. ಅವನು ಅರ್ಧದಲ್ಲಿ ಬರೆಯುವುದನ್ನು ನಿಲ್ಲಿಸಿ ಅವಳನ್ನು ನೋಡಿದ, ಮತ್ತೆ ಬರೆದುಕೊಂಡ. ಬೆರಳಿನ ತುದಿಯಿಂದ, ಹತ್ತಿಯಿಂದ, ಪಿನ್ನಿನಿಂದ ಮುಟ್ಟುತ್ತ, "ಇಲ್ಲಿ? ಇಲ್ಲಿ?" ಎಂದು ಕೇಳುತ್ತ ಹೋದ. ಅವಳು ಛಾವಣಿಯ ಟ್ಯೂಬ್‌ಲೈಟನ್ನು ನೋಡುತ್ತ ಇಲ್ಲ, ಇಲ್ಲ ಎನ್ನುತ್ತ ಹೋದಳು. ಗಂಡ ಗೋಡೆಗೆ ಒರಗಿ ನಿಂತಿದ್ದ. ಬನಿಯನ್ನಿನ ಮೇಲೆ ಹಾಕಿಕೊಳ್ಳಲು ಯಾರೋ ಆಸ್ಪತ್ರೆಯ ಹಸಿರು ಅಂಗಿ ಕೊಟ್ಟಿದ್ದರು, ಗುಂಡಿಗಳು ತಪ್ಪಿದ್ದವು.

"ಕಾಲಿನ ಶಕ್ತಿ ವಾಪಸ್ ಬರುತ್ತಾ?" ಎಂದು ಅವನೇ ಕೇಳಿದ.

"ನೋಡೋಣ ಸರ್," ಎಂದ ಡಾಕ್ಟರು. ಹಾಗೆನ್ನುವವರ ಮುಖಗಳನ್ನು ಅವಳು ಈ ವರ್ಷಗಳಲ್ಲಿ ಸಾಕಷ್ಟು ನೋಡಿದ್ದಳು.

ಡಾಕ್ಟರು ಅಂಗೈಯನ್ನು ಅವಳ ಬಲಪಾದದ ಕೆಳಗೆ ಅಗಲವಾಗಿ ಒಡ್ಡಿ ಹಿಡಿದ. "ಈಗ ನನ್ನ ಕೈನ ಒತ್ತಿ ಮೇಡಂ. ಕಾರಲ್ಲಿ ಬ್ರೇಕ್ ಒತ್ತೋ ಹಾಗೆ."

ಅವನಿಗೆ ಅವಳು ಯಾರೆಂದು ಗೊತ್ತಿರಲಿಲ್ಲ. ಎಲ್ಲರಿಗೂ ಅವನು ಹಾಗೇ ಹೇಳುತ್ತಿದ್ದಿರಬೇಕು.

ಅವಳು ಒತ್ತಿದಳು. ಹಲ್ಲು ಕಚ್ಚಿ, ಮಂಚದ ಕಂಬಿ ಹಿಡಿದು, ಕತ್ತಿನ ನರ ಉಬ್ಬುವಷ್ಟು ಒತ್ತಿದಳು. ಪಾಠ ಕಲಿಸಿದ ಬೆಳಗುಗಳನ್ನೆಲ್ಲ ಸೇರಿಸಿ ಒತ್ತಿದಳು.

"ಒತ್ತಿ ಮೇಡಂ."

"ಒತ್ತಿದೀನಿ."

ಡಾಕ್ಟರು ಕಾಯುತ್ತಿದ್ದ. ಅವಳಿಗೆ ತನ್ನ ಪಾದ ಕಾಣುತ್ತಿರಲಿಲ್ಲ, ಅವನ ಭುಜ ಅಡ್ಡವಿತ್ತು. ಕಂಡದ್ದು ಗೋಡೆಯ ಬುಡದಲ್ಲಿ ಗಂಡನ ಕಾಲುಗಳು. ಬಲಗಾಲಿನ ಬೆರಳುಗಳು ಬೆಳ್ಳಗಾಗುವಷ್ಟು ಬಿಗಿದುಕೊಂಡು, ಚಪ್ಪಲಿ ಬಾಗುವಷ್ಟು, ಅವನು ನೆಲವನ್ನು ಒತ್ತುತ್ತಿದ್ದ.

"ಒತ್ತಿದೀನಿ," ಎಂದಳು ಅವಳು ಇನ್ನೊಮ್ಮೆ.

ಡಾಕ್ಟರು ಮೆಲ್ಲನೆ ಕೈ ತೆಗೆದ. ಗಂಡ ಕಾಲು ತೆಗೆಯಲಿಲ್ಲ.